ಇಂಜೆಕ್ಷನ್ ಬಂತು, ಕೊಡೋರು ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸರ್ಕಾರಿ ಆಸ್ಪತ್ರೆಗಳ ಬಗ್ಗೆಯೇ. 2024ರ ಮಧ್ಯದಿಂದ 2025ರ ಆಗಸ್ಟ್‌ವರೆಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅಷ್ಟು ಸುದ್ದಿಯಲ್ಲಿತ್ತು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಹಾಸನದಲ್ಲಿ ಸಾಲು ಸಾಲಾಗಿ ಹೃದಯಾಘಾತದ ಸಾವುಗಳಾದ ಸುದ್ದಿ ನೋಡಿದ ಮೇಲೆ ಎದೆ ಸ್ವಲ್ಪ ಹಿಡಿದರೂ ಮನೆಯವರೆಲ್ಲ ಗಾಬರಿ ಬೀಳುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರಂತೆ, ನಿಜವಾ? ಸೀದಾ ಮೈಸೂರಿಗೇ ಹೋಗೋದು ಒಳ್ಳೆಯದಲ್ವಾ? (ಅರಕಲಗೂಡಿನ ಓದುಗರು)

ಉತ್ತರ: ನಿಜ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಅಂತ ಅದರ ಹೆಸರು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರ ಕಣ್ಣಿಗೆ ಕೆಲವೇ ನಿಮಿಷಗಳಲ್ಲಿ ಬೀಳುತ್ತದೆ, ರಕ್ತನಾಳ ಪೂರ್ತಿ ಕಟ್ಟಿಕೊಂಡಿದೆ ಅಂತ ಅವರು ಹೇಳಿದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುತ್ತಾರೆ. ಹೊರಗೆ ಕೊಂಡರೆ 30 ಸಾವಿರದ ಆಸುಪಾಸು. ಮೈಸೂರಿಗೆ ಹೋಗುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ, ಅದಕ್ಕೇ ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ಮೈಸೂರು. ಇಂಜೆಕ್ಷನ್ ಆದ ಮೇಲೂ ಆಂಜಿಯೋಗ್ರಾಂಗೆ ಹೋಗಲೇಬೇಕು. ಮತ್ತೆ, ಇದು ಎಲ್ಲರಿಗೂ ಕೊಡುವ ಔಷಧ ಅಲ್ಲ. ಈಚೆಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಬಿಪಿ ಹತೋಟಿಗೇ ಬಾರದವರಿಗೆ ಕೊಟ್ಟರೆ ಅಪಾಯ. "ನಮಗೆ ಕೊಡಲಿಲ್ಲ" ಅಂತ ಡಾಕ್ಟರ ಜೊತೆ ಜಗಳ ಆಡುವ ಮುಂಚೆ ಇದು ಗೊತ್ತಿರಲಿ. ನಿಮ್ಮ ಆಸ್ಪತ್ರೆ ಈ ಪಟ್ಟಿಯಲ್ಲಿದೆಯಾ, ರಾತ್ರಿ ಇಸಿಜಿ ತೆಗೆಯುವವರು ಇರುತ್ತಾರಾ ಅಂತ ಇವತ್ತೇ ಹೋಗಿ ಕೇಳಿ. ಎರಡನೇ ಪ್ರಶ್ನೆಯೇ ಮುಖ್ಯ.

ಹಾಸನದ ವಿಷಯ. ಆ ಸಾವುಗಳನ್ನು ಪರಿಶೀಲಿಸಿದ, ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಕೋವಿಡ್ ಲಸಿಕೆಗೆ ಗಂಟು ಹಾಕುವಂಥದ್ದು ಏನೂ ಕಾಣಲಿಲ್ಲ ಎಂದಿತು. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು ಇವೇ ಹಳೇ ಶತ್ರುಗಳು. ಅಷ್ಟರಲ್ಲಿ ಗಟ್ಟಿಮುಟ್ಟಾಗಿರುವವರೂ ಜಯದೇವದ ಮುಂದೆ ಕ್ಯೂ ನಿಂತು, ನಿಜವಾಗಿ ಎದೆನೋವು ಇದ್ದವರು ಹಿಂದೆ ಬಿದ್ದರು.

ಪ್ರಶ್ನೆ: ಮನೆ ಹತ್ತಿರ ಡ್ರಮ್ಮಿನಲ್ಲಿ ನೀರು ನಿಂತರೆ ದಂಡ ಅಂತಾರೆ. ಎಷ್ಟು? (ಬೆಂಗಳೂರು)

ಉತ್ತರ: 2024ರಲ್ಲಿ ಡೆಂಗಿ ಮಿತಿಮೀರಿದಾಗ ನಿಯಮ ತಿದ್ದಿದರು. ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಕಟ್ಟಡ ಕಾಮಗಾರಿ ಜಾಗಕ್ಕೆ ನಗರದಲ್ಲಿ 2,000. ನನ್ನ ಕೇಳಿದರೆ ಕಾಮಗಾರಿಯವರಿಗೆ ಅದು ಚಹಾ ಕಾಸು.

ಪ್ರಶ್ನೆ: ಮಗಳು ಏಳು ತಿಂಗಳ ಗರ್ಭಿಣಿ. ಬಳ್ಳಾರಿಯದು ಕೇಳಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಸೇರಿಸೋಕೆ ಧೈರ್ಯ ಬರ್ತಿಲ್ಲ. ಸಾಲ ಮಾಡಿ ಪ್ರೈವೇಟ್‌ಗೆ ಹೋಗೋಣವಾ? (ಸಿರುಗುಪ್ಪದ ತಾಯಿಯೊಬ್ಬರು)

ಉತ್ತರ: ನಿಮ್ಮ ಹೆದರಿಕೆ ಸುಮ್ನೆ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಅನುಮಾನ ಹೋದದ್ದು ಡ್ರಿಪ್ಪಿನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯದ ಔಷಧ ನಿಯಂತ್ರಕರ ಅಮಾನತೂ ಆಯಿತು. ಆಮೇಲೆ ಸರ್ಕಾರವೇ ಲೆಕ್ಕ ಹಾಕಿತು: 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ತಾಯಂದಿರ ಸಾವು, ಅದರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ತಪ್ಪಿಸಬಹುದಾಗಿದ್ದವು. ಈ ಲೆಕ್ಕವನ್ನು ಹೊರಗೆ ಹೇಳಿದ್ದೇ ಒಂದು ದೊಡ್ಡ ಕೆಲಸ ಅಂತ ನನಗನಿಸುತ್ತದೆ, ಮುಂಚೆ ಫೈಲಿನಲ್ಲೇ ಮುಚ್ಚಿಹೋಗುತ್ತಿತ್ತು.

ಆದರೆ ಪ್ರೈವೇಟ್‌ನಲ್ಲೂ ತಾಯಂದಿರು ಸತ್ತಿದ್ದಾರೆ, ಆ ಲೆಕ್ಕದಲ್ಲೇ ಅದೂ ಇದೆ. ಹಾಗಾಗಿ ಸಾಲ ಬೇಡ. 2004-06ರಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದ ರಾಜ್ಯ ಇದು, 2019-21ಕ್ಕೆ 63ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ ಜಾಸ್ತಿಯಾಗಿದ್ದು ಅದಕ್ಕೆ ದೊಡ್ಡ ಕಾರಣ. ಕೇರಳದಲ್ಲಿ ಆಗ 20 ಇತ್ತು, ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ, ಅದೂ ಸತ್ಯ. ನೀವು ನೋಡಬೇಕಾದ್ದು ಇಷ್ಟು: ಮಗಳ 'ತಾಯಿ ಕಾರ್ಡ್' (ಬಸುರಿನ ತಪಾಸಣೆ ಬರೆಯುವ ಕಾರ್ಡು) ತೆಗೆದು ಹಿಮೋಗ್ಲೋಬಿನ್, ಬಿಪಿ ಬರೆದಿದ್ದಾರಾ ನೋಡಿ. ರಕ್ತ ಕಡಿಮೆ ಇದ್ದರೆ ಈಗಲೇ ಸರಿ ಮಾಡಿಸಿ. ನೀವು ಹೋಗುವ ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆ ತಜ್ಞರ ಜೊತೆ ಅರಿವಳಿಕೆ ಡಾಕ್ಟರೂ ಸಿಗುತ್ತಾರಾ ಅಂತ ಆಶಾ ಕಾರ್ಯಕರ್ತೆಗೆ ಕೇಳಿ. ಆ ಡಾಕ್ಟರು ಬೆಳಿಗ್ಗೆ ಮಾತ್ರ ಬರುವವರಾದರೆ ದೊಡ್ಡ ಆಸ್ಪತ್ರೆಗೆ ಮೊದಲೇ ಹೆಸರು ಬರೆಸಿ. ಕೊನೇ ಗಳಿಗೆಯಲ್ಲಿ ಆಂಬುಲೆನ್ಸಿನಲ್ಲಿ ಊರೂರು ಅಲೆಸುವುದೇ ಜೀವ ತೆಗೆಯುವುದು.

ಪ್ರಶ್ನೆ: ನಾನೇ ಆಶಾ. ಮನೆ ಮನೆಗೆ ಬಿಪಿ, ಶುಗರ್ ನೋಡು ಅಂತಾರೆ, ಫೋನಿನಲ್ಲಿ ತುಂಬು ಅಂತಾರೆ. ಕೊಡ್ತೀವಿ ಅಂದ ಹತ್ತು ಸಾವಿರ ಎಲ್ಲಿ? (ಹೆಸರು ಬೇಡ)

ಉತ್ತರ: ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಈ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ 2025ರಲ್ಲಿ ಎಲ್ಲ ಜಿಲ್ಲೆಗಳಿಗೂ ಬಂತು. ಐಡಿಯಾ ಬಹಳ ಒಳ್ಳೆಯದು, ಹಾಸನದವರ ಭಯಕ್ಕೆ ನಿಜವಾದ ಮದ್ದು ಇದೇ. ಆದರೆ ಹೊರೆ ಬಿದ್ದದ್ದು ನಿಮ್ಮಂಥ ಸುಮಾರು 42 ಸಾವಿರ ಹೆಣ್ಣುಮಕ್ಕಳ ಮೇಲೆ. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತು ಮುಖ್ಯಮಂತ್ರಿಯಿಂದ ತಿಂಗಳಿಗೆ 10,000 ರೂಪಾಯಿಯ ಮಾತು ತಗೊಂಡಿರಿ, ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಇಳಿಯಬೇಕಾಯಿತು. ಪೋರ್ಟಲ್‌ನಲ್ಲಿ ಎಂಟ್ರಿ ಕಾಣದೆ ಮಾಡಿದ ಕೆಲಸದ ದುಡ್ಡೂ ತಪ್ಪುತ್ತದೆ ಅನ್ನೋದು ಹಳೇ ದೂರು. ಮಾಡಿದ ಪ್ರತಿ ಭೇಟಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಎಎನ್‌ಎಂ (ಉಪಕೇಂದ್ರದ ಆರೋಗ್ಯ ಸಹಾಯಕಿ) ಕೈಲಿ ಸಹಿ ಹಾಕಿಸಿಕೊಳ್ಳಿ. ಇದಕ್ಕಿಂತ ಹೆಚ್ಚಿನ ಉತ್ತರ ನನ್ನ ಹತ್ತಿರ ಇಲ್ಲ, ವಿಧಾನಸೌಧದಿಂದ ಬರಬೇಕು.

ಪ್ರಶ್ನೆ: ಮಂಗನ ಕಾಯಿಲೆಗೆ ಲಸಿಕೆ ಯಾಕೆ ನಿಲ್ಲಿಸಿದರು? (ಹೊಸನಗರ)

ಉತ್ತರ: ಹಳೇ ಲಸಿಕೆಯಲ್ಲಿ ಕಸುವು ಉಳಿದಿರಲಿಲ್ಲ, ಪದೇ ಪದೇ ಚುಚ್ಚಿಸಿಕೊಂಡವರಿಗೂ ಜ್ವರ ಬರುತ್ತಿತ್ತು. ಹೊಸದನ್ನು ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಜೊತೆ ತಯಾರಿಸುತ್ತಿದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆಗೆ ಇಷ್ಟು ವರ್ಷವಾದರೂ ಸರಿಯಾದ ಲಸಿಕೆ ಇಲ್ಲ, ಮಲೆನಾಡಿನವರ ಓಟು ಕಡಿಮೆ ಅಲ್ವಾ! ಅಲ್ಲಿತನಕ ಕಾಡಿಗೆ ಹೋಗುವಾಗ ಕಾಯಿಲೆ ಹರಡುವ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ.