ಅಕ್ಕನ ಅಳತೆಗೋಲಿನಲ್ಲಿ ತಮ್ಮನನ್ನು ಅಳೆಯುವುದು

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಮಗಳು 11 ತಿಂಗಳಿಗೇ ನಡೆದಳು, ಒಂದೂವರೆ ವರ್ಷಕ್ಕೆ ಎರಡೆರಡು ಪದ ಕೂಡಿಸಿ ಮಾತನಾಡಿದಳು, ಕೂರಿಸಿದ ಕಡೆ ಕೂರುತ್ತಿದ್ದಳು. ಮಗ ನಡೆದದ್ದು 15 ತಿಂಗಳಿಗೆ, ಈಗ 20 ತಿಂಗಳಾದರೂ ಅವನ ಮಾತು ಹತ್ತು ಹನ್ನೆರಡು ಪದಗಳನ್ನು ದಾಟಿಲ್ಲ, ಸಣ್ಣದಕ್ಕೂ ರಚ್ಚೆ ಹಿಡಿಯುತ್ತಾನೆ. ಹೋಲಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ, ನನ್ನಿಂದ ಹೋಲಿಸದೆ ಇರಲು ಆಗುತ್ತಿಲ್ಲ, ಇದು ತಪ್ಪೇ ಎಂದು ಕೇಳಿದ್ದೀರಿ. ಐದು ಬೆರಳೂ ಸಮನಾಗಿರುವುದಿಲ್ಲ ಎಂದು ಹೇಳಿ ನಾನೂ ಉತ್ತರ ಮುಗಿಸಬಹುದಿತ್ತು. ಆದರೆ ನಡುರಾತ್ರಿ ಎದ್ದು ಕುಳಿತು ಮೊಬೈಲಿನಲ್ಲಿ ‘ಮಗು ಯಾವಾಗ ಮಾತನಾಡಬೇಕು’ ಎಂದು ಹುಡುಕುವವರಿಗೆ ಆ ಗಾದೆಯಿಂದ ನಿದ್ದೆ ಬರುವುದಿಲ್ಲ. ನಾನೂ ಹಾಗೆ ಹುಡುಕಿದವನೇ. ನಮಗೂ ಇಬ್ಬರು, ದೊಡ್ಡವನು ಮಗ, ಚಿಕ್ಕವಳು ಮಗಳು, ಈಗ ಒಂಬತ್ತು ಮತ್ತು ಆರು ವರ್ಷ.

ಹೋಲಿಕೆಯೇ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಒಂದು ಮಗು ಬೆಳೆದದ್ದನ್ನು ಕಣ್ಣಾರೆ ಕಂಡವರಿಗೆ ಎರಡನೆಯದನ್ನು ನೋಡುವಾಗ ಮೊದಲನೆಯದು ನೆನಪಾಗಲೇಬೇಕು. ತೊಂದರೆ ಇರುವುದು ಅಳತೆಗೋಲಿನಲ್ಲಿ. ಒಂದೇ ಒಂದು ಮಗುವನ್ನು ಅಳತೆಗೋಲು ಮಾಡಿಕೊಂಡರೆ ಅದು ತೀರ ಚಿಕ್ಕದಾಗುತ್ತದೆ, ಅದರ ಮೇಲಿನ ಗೆರೆಗಳೂ ನಂಬಿಕೆಗೆ ಯೋಗ್ಯವಾಗಿರುವುದಿಲ್ಲ.

ಗೆರೆಗಳ ವಿಷಯವನ್ನೇ ಮೊದಲು ಹೇಳುತ್ತೇನೆ. ನಮ್ಮ ಮಗ 11 ತಿಂಗಳಿಗೆ ನಡೆದ ಎಂದು ನಾನು ಹಲವರಿಗೆ ಹೇಳಿದ್ದೆ, ಅದರಲ್ಲಿ ಸುಳ್ಳು ಹೇಳುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಮಗಳು 13 ತಿಂಗಳಾದರೂ ನಿಲ್ಲದೆ ಇದ್ದಾಗ ಮನೆಯಲ್ಲಿ ಆತಂಕ ಶುರುವಾಯಿತು. ಒಂದು ಸಂಜೆ ನನ್ನ ಪತ್ನಿ ಹಳೆಯ ಮೊಬೈಲನ್ನು ಚಾರ್ಜಿಗೆ ಹಾಕಿ ಮಗನ ವಿಡಿಯೊಗಳನ್ನು ತೆರೆದಳು. ಹನ್ನೊಂದನೆಯ ತಿಂಗಳಿನ ವಿಡಿಯೊದಲ್ಲಿ ಅವನು ಮಂಚದ ಅಂಚು ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದಾನೆ, ಅಷ್ಟೇ. ಏನನ್ನೂ ಹಿಡಿಯದೆ ನಾಲ್ಕು ತಪ್ಪು ಹೆಜ್ಜೆ ಇಟ್ಟು ಧೊಪ್ಪನೆ ಕುಳಿತ ವಿಡಿಯೊದ ದಿನಾಂಕವನ್ನು ಅವನ ಹುಟ್ಟಿದ ದಿನದಿಂದ ಲೆಕ್ಕ ಹಾಕಿದರೆ ಹದಿಮೂರೂವರೆ ತಿಂಗಳು. ವಿಡಿಯೊದ ಹಿನ್ನೆಲೆಯಲ್ಲಿ ‘ಅಂತೂ ನಡೆದನಲ್ಲಪ್ಪ’ ಎನ್ನುವ ನನ್ನದೇ ದನಿ ಕೇಳಿಸುತ್ತದೆ. ಅಂದರೆ ಆಗಲೂ ಕಾದು ಬೇಸತ್ತಿದ್ದೆ, ಎರಡು ವರ್ಷದಲ್ಲಿ ಅದನ್ನು ಮರೆತಿದ್ದೆ. ನಿಮ್ಮ ಮಗಳ 11 ತಿಂಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ, ಆದರೆ ಒಮ್ಮೆ ದಿನಾಂಕ ನೋಡಿ.

ನೆನಪು ಸರಿಯಾಗಿಯೇ ಇದ್ದರೂ, ನಡಿಗೆಗೆ ಸಹಜವಾಗಿ ಇರುವ ಅವಕಾಶ ನಾವು ಊಹಿಸುವುದಕ್ಕಿಂತ ಬಹಳ ಅಗಲವಾದುದು. ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ನಿಯಮಿತವಾಗಿ ಗಮನಿಸಿ 2006ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಎಲ್ಲಿ ಬೇಕಾದರೂ ಆಗಬಹುದು. ಈ ಲೆಕ್ಕದಲ್ಲಿ ನಿಮ್ಮ ಮಗಳ 11 ಮತ್ತು ಮಗನ 15 ಎರಡೂ ಒಂದೇ ಕೋಣೆಯೊಳಗಿನ ಎರಡು ಮೂಲೆಗಳು. ಅದೇ ಅಧ್ಯಯನದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಇನ್ನೊಂದು ಸಂಗತಿಯಿದೆ: ಶೇ 4.3ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ನಮ್ಮ ಮಗಳು ಅಂಬೆಗಾಲಿನ ಬದಲು ಕುಳಿತಲ್ಲೇ ಒಂದು ಕಾಲು ಮಡಿಚಿ ದೋಣಿಗೆ ಹುಟ್ಟು ಹಾಕಿದಂತೆ ಸರಿಯುತ್ತಿದ್ದಳು. ಅಣ್ಣ ಹೀಗೆ ಮಾಡಿರಲಿಲ್ಲ ಎಂಬ ಒಂದೇ ಕಾರಣಕ್ಕೆ ನಾವು ಅವಳನ್ನು ಎತ್ತಿ ಎತ್ತಿ ಮಂಡಿಯ ಮೇಲೆ ನಿಲ್ಲಿಸುತ್ತಿದ್ದೆವು, ಅವಳು ಅಷ್ಟೇ ಹಠದಿಂದ ಮತ್ತೆ ಕುಳಿತುಕೊಳ್ಳುತ್ತಿದ್ದಳು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎರಡು ವರ್ಷ ತುಂಬುವವರೆಗೆ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆ ಆಗಬೇಕಿದ್ದ ದಿನದಿಂದ ಎಣಿಸಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಮಾತಿನ ವಿಷಯ, ಇಲ್ಲಿ ನಾನು ಸ್ವಲ್ಪ ಎಚ್ಚರಿಕೆಯಿಂದ ಬರೆಯಬೇಕು. ಹೋಲಿಕೆಯಿಂದ ಅನಗತ್ಯ ಆತಂಕ ಹುಟ್ಟುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದೇ ಹೋಲಿಕೆ ಅನಗತ್ಯ ಧೈರ್ಯವನ್ನೂ ಕೊಡುತ್ತದೆ ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ನಮ್ಮ ಮಗ ಮಾತು ಕಲಿತದ್ದು ತಡವಾಗಿ, ಎರಡು ವರ್ಷ ದಾಟಿದ ಮೇಲೆ ಅಣೆಕಟ್ಟು ಒಡೆದಂತೆ ಮಾತು ಬಂತು. ಹಾಗಾಗಿ ಮಗಳ ಮಾತು ನಿಧಾನವಾದಾಗ ‘ಅವಳ ಅಣ್ಣನೂ ಹೀಗೇ ಇದ್ದ’ ಎಂದು ನಾವು ಕೈಕಟ್ಟಿ ಕುಳಿತೆವು. ಅಣ್ಣನಿಗೆ ಮಾತು ಬಾರದಿದ್ದರೂ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಪಕ್ಕದ ಕೋಣೆಯಿಂದ ಮೆಲ್ಲಗೆ ಕರೆದರೂ ಓಡಿ ಬರುತ್ತಿದ್ದ, ಬೇಕಾದುದನ್ನು ಬೆರಳು ತೋರಿಸಿ ಕೇಳುತ್ತಿದ್ದ. ಮಗಳಾದರೋ ಎದುರಿಗೆ ನಿಂತು ಹೇಳಿದರೆ ಮಾತ್ರ ಸ್ಪಂದಿಸುತ್ತಿದ್ದಳು, ಬೆನ್ನು ತಿರುಗಿಸಿ ಆಡುತ್ತಿದ್ದಾಗ ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಅದನ್ನು ನಾವು ‘ಆಟದಲ್ಲಿ ಮುಳುಗಿಬಿಡುತ್ತಾಳೆ, ಏಕಾಗ್ರತೆ ಜಾಸ್ತಿ’ ಎಂದು ಹೊಗಳಿಕೊಳ್ಳುತ್ತಿದ್ದೆವು! ಚುಚ್ಚುಮದ್ದಿಗೆಂದು ಹೋದಾಗ ಮಕ್ಕಳ ವೈದ್ಯರು ಮಾತಿನ ನಡುವೆ ಅವಳ ಬೆನ್ನ ಹಿಂದೆ ಮೆಲ್ಲನೆ ಗಿಲಕಿ ಅಲ್ಲಾಡಿಸಿ, ಅವಳು ಅಲುಗದೆ ಇದ್ದುದನ್ನು ಕಂಡು ಶ್ರವಣ ಪರೀಕ್ಷೆಗೆ ಬರೆದುಕೊಟ್ಟರು. ಮೇಲಿಂದ ಮೇಲೆ ಬಂದ ನೆಗಡಿಯಿಂದ ಎರಡೂ ಕಿವಿಗಳ ತಮಟೆಯ ಹಿಂದೆ ದ್ರವ ತುಂಬಿಕೊಂಡಿತ್ತು. ಚಿಕ್ಕ ಮಕ್ಕಳಲ್ಲಿ ಇದು ತೀರ ಸಾಮಾನ್ಯ, ಬಹಳಷ್ಟು ಬಾರಿ ತಾನಾಗಿಯೇ ಇಳಿಯುತ್ತದೆ, ಅವಳಿಗೂ ಇಳಿಯಿತು. ಆದರೆ ಇಳಿಯುವವರೆಗೆ ಮಗುವಿನ ಪಾಲಿಗೆ ಲೋಕ ನೀರಿನೊಳಗೆ ಮುಳುಗಿ ಕೇಳಿದಂತೆ ಇರುತ್ತದೆ, ಅಂಥ ಕಿವಿಯಿಂದ ಮಾತು ಕಲಿಯುವುದು ಸುಲಭವಲ್ಲ. ಅಣ್ಣನ ಉದಾಹರಣೆ ಇಲ್ಲದಿದ್ದರೆ ನಾವು ನಾಲ್ಕು ತಿಂಗಳು ಮೊದಲೇ ಹೋಗುತ್ತಿದ್ದೆವು.

ಆದ್ದರಿಂದ ನಿಮ್ಮ ಮಗನ ಪದಗಳನ್ನು ಅಕ್ಕನ ಪದಗಳ ಪಕ್ಕದಲ್ಲಿಟ್ಟು ಎಣಿಸುವ ಬದಲು ಬೇರೆ ಕೆಲವು ಸಂಗತಿಗಳನ್ನು ನೋಡಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ತಿದ್ದಿತು. ಅರ್ಧದಷ್ಟು ಮಕ್ಕಳು ಮಾಡುವುದನ್ನಲ್ಲ, ನಾಲ್ಕರಲ್ಲಿ ಮೂರು ಮಕ್ಕಳಾದರೂ ಆ ವಯಸ್ಸಿಗೆ ಮಾಡುವುದನ್ನು ಅದರಲ್ಲಿ ಇಟ್ಟುಕೊಂಡರು, ಅಂಬೆಗಾಲನ್ನು ಪಟ್ಟಿಯಿಂದ ಕೈಬಿಟ್ಟರು. ಆ ಪಟ್ಟಿಯಲ್ಲಿ 18 ತಿಂಗಳಿಗೆ ಅಪ್ಪ ಅಮ್ಮ ಎನ್ನುವುದರ ಹೊರತಾಗಿ ಮೂರು ಪದಗಳು, ಆಸಕ್ತಿ ಹುಟ್ಟಿಸಿದ್ದನ್ನು ಬೆರಳು ಮಾಡಿ ನಿಮಗೆ ತೋರಿಸುವುದು, ಕೈಸನ್ನೆ ಇಲ್ಲದೆ ಬರೀ ಬಾಯಲ್ಲಿ ಹೇಳಿದ ಒಂದು ಸಣ್ಣ ಕೆಲಸವನ್ನು ಮಾಡುವುದು ಇವೆ. ಎರಡು ಪದ ಕೂಡಿಸುವುದು ಬರುವುದು ಎರಡು ವರ್ಷದ ಪಟ್ಟಿಯಲ್ಲಿ. ನಿಮ್ಮ ಮಗನ ಹತ್ತು ಹನ್ನೆರಡು ಪದಗಳು ಇದರೊಳಗೆ ಸಲೀಸಾಗಿ ಕೂರುತ್ತವೆ. ಅವನು ಬೆರಳು ಮಾಡಿ ತೋರಿಸುತ್ತಾನೆಯೇ, ಬೆನ್ನ ಹಿಂದಿನ ಸದ್ದಿಗೆ ತಿರುಗುತ್ತಾನೆಯೇ, ‘ಚೆಂಡು ಕೊಡು’ ಎಂದರೆ ಕೊಡುತ್ತಾನೆಯೇ ಎಂಬುದನ್ನು ನೀವು ಬರೆದಿಲ್ಲ. ಇವುಗಳಲ್ಲಿ ಯಾವುದಕ್ಕಾದರೂ ಉತ್ತರ ‘ಇಲ್ಲ’ ಎಂದಾದರೆ, ಅಥವಾ ಮೊದಲು ಹೇಳುತ್ತಿದ್ದ ಪದಗಳನ್ನು ಈಗ ಹೇಳುವುದನ್ನೇ ಬಿಟ್ಟಿದ್ದರೆ, ಎರಡು ವರ್ಷ ತುಂಬಲಿ ಎಂದು ಕಾಯದೆ ವೈದ್ಯರ ಬಳಿ ಹೋಗಿ. ಕಲಿತದ್ದನ್ನು ಕಳೆದುಕೊಳ್ಳುವುದು ಯಾವ ವಯಸ್ಸಿನಲ್ಲಾದರೂ ಕಾಯುವ ವಿಷಯವಲ್ಲ.

ಸ್ವಭಾವದ ಹೋಲಿಕೆ ಬೇರೆಯದೇ ಕಥೆ, ನನ್ನ ಅನುಭವದಲ್ಲಿ ಹೆಚ್ಚು ಹಾನಿ ಆಗುವುದು ಅಲ್ಲಿ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಶಿಶುಗಳನ್ನು ಗಮನಿಸತೊಡಗಿ, ಹಲವು ವರ್ಷ ಅವರ ಹಿಂದೆ ಹೋದರು. ಸುಮಾರು ಶೇ 40ರಷ್ಟು ಮಕ್ಕಳು ಸಲೀಸಾಗಿ ಹೊಂದಿಕೊಳ್ಳುವವರು, ಶೇ 10ರಷ್ಟು ಸಂಭಾಳಿಸಲು ಕಷ್ಟವಾದವರು, ಶೇ 15ರಷ್ಟು ಹೊಸತಕ್ಕೆ ನಿಧಾನವಾಗಿ ಒಗ್ಗುವವರು ಎಂದು ಅವರು ಗುರುತಿಸಿದರು. ಉಳಿದ ಶೇ 35ರಷ್ಟು ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ, ಈ ಪ್ರಾಮಾಣಿಕತೆ ನನಗೆ ಇಷ್ಟವಾಗುತ್ತದೆ. ಅವರ ಮುಖ್ಯ ಮಾತೆಂದರೆ, ಮಗುವಿನ ಸ್ವಭಾವಕ್ಕಿಂತ ಆ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಇರುವ ಹೊಂದಾಣಿಕೆ ಮುಖ್ಯ ಎಂಬುದು. ನಮ್ಮ ಮಗ ನಿಧಾನವಾಗಿ ಒಗ್ಗುವವನು. ಉದ್ಯಾನದ ಜಾರುಬಂಡೆಯ ಪಕ್ಕದಲ್ಲಿ ನನ್ನ ಬೆರಳು ಹಿಡಿದು ಮೂರು ಸಂಜೆ ಬರೀ ನೋಡುತ್ತ ನಿಂತ, ನಾಲ್ಕನೆಯ ಸಂಜೆ ಬೆರಳು ಬಿಡಿಸಿಕೊಂಡು ಹೋಗಿ ಮೆಟ್ಟಿಲು ಹತ್ತಿದ. ಮಗಳು ಮೊದಲ ದಿನವೇ ತಲೆ ಕೆಳಗಾಗಿ ಜಾರಿದವಳು. ಇವಳನ್ನು ನೋಡಿದ ಮೇಲೆ ಅವನ ಮೂರು ಸಂಜೆಗಳು ನಮ್ಮ ಬಾಯಲ್ಲಿ ‘ಅಂಜುಬುರುಕುತನ’ವಾದವು. ಅದಕ್ಕೆ ಮೊದಲು ಅವು ಬರೀ ಮೂರು ಸಂಜೆಗಳಾಗಿದ್ದವು.

ಇಬ್ಬರು ಮಕ್ಕಳಿರುವಾಗ ನಮ್ಮ ಕಣ್ಣು ಅಂತರವನ್ನು ಹಿಗ್ಗಿಸಿ ನೋಡುತ್ತದೆ ಎಂಬುದಕ್ಕೆ ಆಧಾರವಿದೆ. ಕಿಂಬರ್ಲಿ ಸೌಡಿನೋ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಡಹುಟ್ಟಿದ ಮಕ್ಕಳ ಚಟುವಟಿಕೆಯನ್ನು ಹೆತ್ತವರಿಂದ ಕೇಳಿ ತಿಳಿದುದಲ್ಲದೆ, ಮಕ್ಕಳ ಮೈಗೆ ಚಲನೆ ಅಳೆಯುವ ಉಪಕರಣ ಕಟ್ಟಿಯೂ ಅಳೆದರು. ಉಪಕರಣದ ಪ್ರಕಾರ ಮಕ್ಕಳ ನಡುವೆ ಸಾಕಷ್ಟು ಹೋಲಿಕೆಯಿತ್ತು, ಹೆತ್ತವರ ಪ್ರಕಾರ ಅವರು ಹಗಲು ರಾತ್ರಿಯಷ್ಟು ಬೇರೆ. ನಿಮ್ಮ ಮಗಳು ಅಷ್ಟು ಶಾಂತಳಾಗಿರದಿದ್ದರೆ ನಿಮ್ಮ ಮಗ ನಿಮಗೆ ಇಷ್ಟು ಹಠಮಾರಿಯಾಗಿ ಕಾಣುತ್ತಿರಲಿಲ್ಲವೇನೋ. 20 ತಿಂಗಳಿನಲ್ಲಿ ಬೇಕೆನ್ನುವುದು ತಲೆಯಲ್ಲಿದ್ದು ಹೇಳಲು ಪದವಿಲ್ಲದ ಮಗು ರಚ್ಚೆ ಹಿಡಿಯುವುದು ಸಹಜವೂ ಹೌದು.

ಹೋಲಿಕೆ ಮನಸ್ಸಿನಲ್ಲಿ ಇರುವವರೆಗೆ ಪರವಾಗಿಲ್ಲ, ಅದು ಮಕ್ಕಳೆದುರು ಬಾಯಿಗೆ ಬಂದಾಗ ಬಿರುದಾಗುತ್ತದೆ. ಮಗನಿಗೆ ಐದು ವರ್ಷವಿದ್ದಾಗ ಪಕ್ಕದ ಮನೆಗೆ ಹೋಗಿ ಒಂದು ಪುಸ್ತಕ ಕೊಟ್ಟು ಬಾ ಎಂದೆ. ಅವನಿಗೆ ಚೆನ್ನಾಗಿ ಪರಿಚಯವಿದ್ದ ಮನೆ ಅದು. ಅವನು ಆಟಿಕೆಯಿಂದ ತಲೆಯೆತ್ತದೆ, ಯಾವ ಬೇಸರವೂ ಇಲ್ಲದ ದನಿಯಲ್ಲಿ, ‘ಅಪ್ಪಾ, ನಾನು ಹೆದರುವವನಲ್ವಾ, ತಂಗಿಯನ್ನ ಕಳಿಸಿ’ ಎಂದ. ತಂಗಿಗೆ ಆಗ ಇನ್ನೂ ಎರಡು ವರ್ಷ. ಅವನು ಹೆದರಿರಲಿಲ್ಲ, ಮನೆಯಲ್ಲಿ ಯಾರಿಗೆ ಯಾವ ಪಾತ್ರ ಎಂದು ನಮ್ಮಿಂದಲೇ ಕೇಳಿ ತಿಳಿದುಕೊಂಡಿದ್ದ. ಅಲೆಕ್ಸಾಂಡರ್ ಜೆನ್ಸನ್ ಮತ್ತು ಸೂಸನ್ ಮೆಕ್‌ಹೇಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದಾಗ ಈ ಪ್ರಸಂಗ ನೆನಪಾಯಿತು. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಇಬ್ಬರಲ್ಲಿ ಯಾರು ಓದಿನಲ್ಲಿ ಜಾಣರು ಎಂದು ಹೆತ್ತವರು ನಂಬಿದ್ದರೋ, ಮುಂದೆ ಅಂಕಗಳ ಅಂತರವೂ ಆ ನಂಬಿಕೆಯ ದಿಕ್ಕಿಗೇ ವಾಲಿತ್ತು ಎಂದು ಅವರು ಕಂಡುಕೊಂಡಿದ್ದರು.

ನಿಲ್ಲಿಸುವುದು ಹೇಗೆ ಎಂದೂ ಕೇಳಿದ್ದೀರಿ. ನಾನು ಪೂರ್ತಿ ನಿಲ್ಲಿಸಿಲ್ಲ. ಮಾಡಿಕೊಂಡ ಒಂದು ಬದಲಾವಣೆಯೆಂದರೆ, ಇಬ್ಬರಿಗೂ ಒಂದೊಂದು ನೋಟ್‌ಬುಕ್ ಇಟ್ಟು, ಒಬ್ಬರ ಪುಟದಲ್ಲಿ ಇನ್ನೊಬ್ಬರ ಹೆಸರು ಬರಕೂಡದು ಎಂದು ನಿಯಮ ಹಾಕಿಕೊಂಡೆವು. ಮಗಳು ಹೊಸ ಪದ ಹೇಳಿದರೆ ದಿನಾಂಕ ಹಾಕಿ ಬರೆಯುವುದು, ಮೂರು ತಿಂಗಳ ಹಿಂದಿನ ಅವಳದೇ ಪುಟ ತೆಗೆದು ನೋಡುವುದು, ಅಷ್ಟೇ. ನಿಯಮ ಪಾಲಿಸುವುದು ಮೊದಮೊದಲು ಕಷ್ಟವಾಗಿ, ‘ಅಣ್ಣನಿಗಿಂತ’ ಎಂದು ಬರೆದು ಹೊಡೆದು ಹಾಕಿದ ಗುರುತುಗಳು ಮೊದಲ ಹತ್ತು ಪುಟಗಳಲ್ಲಿ ಇವೆ. ಕಿವಿ ಸರಿಹೋದ ಎರಡನೆಯ ವಾರದ ಪುಟದಲ್ಲಿ ಒಂದೇ ಸಾಲಿದೆ: ಅಡುಗೆಮನೆಯಿಂದ ಕರೆದೆ, ‘ಬಂದೆ’ ಅಂದಳು. ನಿಮ್ಮ ಮಗನ ಹನ್ನೆರಡು ಪದಗಳನ್ನೂ ಇವತ್ತೇ ಹಾಗೆ ಬರೆದಿಡಿ. ವೈದ್ಯರ ಬಳಿ ಹೋಗುವುದಾದರೂ ಅವರು ಮೊದಲು ಕೇಳುವುದು ಆ ಪಟ್ಟಿಯನ್ನೇ.