ಬಿಸಿಲಿನಿಂದ ಚಂದ್ರವಳ್ಳಿಯ ಗುಹೆಯೊಳಗೆ ಕಾಲಿಟ್ಟ ಕೂಡಲೇ ಏನೂ ಕಾಣಿಸುವುದಿಲ್ಲ, ಏಕೆ?

ಕಣ್ಣಿನ ಪಾಪೆ ಹಿಗ್ಗಬೇಕು ಎನ್ನುವುದು ಎಲ್ಲರೂ ಹೇಳುವ ಕಾರಣ, ಆದರೆ ಅದರ ಪಾಲು ಸಣ್ಣದು. ಪಾಪೆ 2 ಮಿ.ಮೀ.ನಿಂದ 8 ಮಿ.ಮೀ.ಗೆ ಹಿಗ್ಗಿದರೂ ಒಳಬರುವ ಬೆಳಕು ಹೆಚ್ಚುವುದು 16 ಪಟ್ಟು ಅಷ್ಟೇ. ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿಯ ಕೋಣೆಗೂ ಚಿತ್ರದುರ್ಗದ ಮಧ್ಯಾಹ್ನದ ಬಿಸಿಲಿಗೂ ಇರುವ ಅಂತರ ಲಕ್ಷ ಪಟ್ಟು ಮೀರಬಹುದು.

ಉಳಿದದ್ದೆಲ್ಲ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆಯಾದ ಅಕ್ಷಿಪಟಲದ ಕೆಲಸ. ಅಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿಗಿರುವ ದಂಡಕೋಶಗಳು ಸುಮಾರು 12 ಕೋಟಿ. ದಂಡಕೋಶದಲ್ಲಿ ಬೆಳಕು ಹೀರುವ ವರ್ಣಕವಾದ ರೊಡಾಪ್ಸಿನ್‌ನಲ್ಲಿ ವಿಟಮಿನ್ ಎ ಯಿಂದ ತಯಾರಾದ, ಬಾಗಿದ ಅಣುವೊಂದಿದೆ. ಬೆಳಕಿನ ಒಂದೇ ಒಂದು ಕಣ (ಫೋಟಾನ್) ಹೀರಿದರೂ ಸಾಕು, ಅದು ನೆಟ್ಟಗಾಗುತ್ತದೆ. ಅದರಿಂದ ಶುರುವಾಗುವ ಸರಣಿ ಕ್ರಿಯೆಯಲ್ಲಿ ಕೋಶದ ಸೋಡಿಯಂ ದ್ವಾರಗಳು ಮುಚ್ಚಿ, ವೋಲ್ಟೇಜ್ −40ರಿಂದ −70 ಮಿಲಿವೋಲ್ಟ್ ಕಡೆಗೆ ಇಳಿಯುತ್ತದೆ. ವಿಸ್ಮಯವೆಂದರೆ, ಬೆಳಕು ಬಿದ್ದಾಗ ಈ ಕೋಶ ಸ್ರವಿಸುವ ಗ್ಲುಟಮೇಟ್ ಎಂಬ ನರಸಂದೇಶ ಒಯ್ಯುವ ರಾಸಾಯನಿಕ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಆ ಇಳಿಕೆಯೇ ಸಂಕೇತ.

ನೆಟ್ಟಗಾದ ಅಣುವನ್ನು ಪಕ್ಕದ ವರ್ಣಕ ಪದರ ಮತ್ತೆ ಬಾಗಿಸಿ ಕಳಿಸಬೇಕು. ತಡವಾಗುವುದು ಇಲ್ಲೇ. ಬಿಸಿಲಿನಲ್ಲಿ ಬಹುಪಾಲು ರೊಡಾಪ್ಸಿನ್ ಖರ್ಚಾಗಿರುತ್ತದೆ; ಶಂಕುಗಳು ಹತ್ತು ನಿಮಿಷದೊಳಗೆ ಸಜ್ಜಾದರೆ ದಂಡಗಳಿಗೆ ಅರ್ಧ ಗಂಟೆ ಬೇಕು.

ನಡುವೆ ಯಾರಾದರೂ ಮೊಬೈಲ್ ಟಾರ್ಚನ್ನು ಮುಖಕ್ಕೆ ಹಿಡಿದರೆ ಕೂಡಿಟ್ಟದ್ದು ಬಹಳಷ್ಟು ಹಾಳು. ಮಂದವಾದ ಕಡುಗೆಂಪು ಬೆಳಕು ಬಳಸಿ, ದಂಡಕೋಶಗಳು ಅದನ್ನು ಹೆಚ್ಚಾಗಿ ಹೀರುವುದಿಲ್ಲ. ಮಸುಕಾದ ವಸ್ತುವನ್ನು ನೇರವಾಗಿ ನೋಡದೆ ತುಸು ಪಕ್ಕಕ್ಕೆ ನೋಡಿ, ನೋಟದ ನಟ್ಟನಡುವೆ ದಂಡಗಳೇ ಇಲ್ಲ. ಮಕ್ಕಳಿಗೆ ಮುಸ್ಸಂಜೆಯಾದರೆ ಕಾಣದೆ ತಡವರಿಸುವಂತಾದರೆ ಇರುಳುಗಣ್ಣು ಇರಬಹುದು. ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ.