ಪ್ರಬಂಧವೇ ಇಲ್ಲದ ಪರೀಕ್ಷೆಗೆ ಪ್ರಬಂಧದ ಪಾಠವೇ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತೇನೆ. ಓದಿದ್ದು ಏಳನೆಯ ತರಗತಿ. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಎರಡು ವರ್ಷ ಕೆಲಸ ಮಾಡಿ, ಆಮೇಲೆ ಎಂಬಿಎ ಓದಲು ಹೊರದೇಶಕ್ಕೆ ಹೋಗಬೇಕೆಂಬ ಆಸೆ ಅವಳದು. ಅದಕ್ಕಾಗಿ ಈಗಲೇ ಜಿಮ್ಯಾಟ್ ಪರೀಕ್ಷೆ ಬರೆದಿಡುತ್ತಾಳಂತೆ. ಇಲ್ಲಿನ ಒಂದು ತರಬೇತಿ ಕೇಂದ್ರದವರು ಆ ಪರೀಕ್ಷೆಯ ಪ್ರಬಂಧ ವಿಭಾಗಕ್ಕೇ ಬೇರೆಯಾಗಿ 18,000 ರೂಪಾಯಿ ಕೇಳುತ್ತಿದ್ದಾರೆ. ಹನ್ನೆರಡು ಸಿದ್ಧ ಪ್ರಬಂಧ ಕೊಡುತ್ತಾರಂತೆ, ಬಾಯಿಪಾಠ ಮಾಡಿದರೆ ಸಾಕಂತೆ. ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಬರೆಯಲು ಹೆದರುತ್ತಾಳೆ. ಹಣ ಕಟ್ಟಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಟ್ಟಬೇಡಿ. ಈಗಿನ ಜಿಮ್ಯಾಟ್ ಪರೀಕ್ಷೆಯಲ್ಲಿ ಪ್ರಬಂಧ ವಿಭಾಗವೇ ಇಲ್ಲ.

ಮೊದಲು ಇತ್ತು. 2012ರ ಜೂನ್‌ವರೆಗೆ ಎರಡು ಪ್ರಬಂಧ, ಆಮೇಲೆ ಒಂದೇ. ಯಾರೋ ಮಂಡಿಸಿದ ವಾದವೊಂದನ್ನು ಕೊಟ್ಟು, ಅದರಲ್ಲಿ ಎಲ್ಲೆಲ್ಲಿ ಹುಳುಕಿದೆ ಎಂದು ಅರ್ಧ ಗಂಟೆಯಲ್ಲಿ ಬರೆಯಲು ಹೇಳುತ್ತಿದ್ದರು. ಆಗಲೂ ಅದರ ಅಂಕವನ್ನು 800ರ ಮುಖ್ಯ ಅಂಕಕ್ಕೆ ಸೇರಿಸುತ್ತಿರಲಿಲ್ಲ, ಬೇರೆಯಾಗಿ ತೋರಿಸುತ್ತಿದ್ದರು. 2023ರ ನವೆಂಬರ್‌ನಲ್ಲಿ ಹೊಸ ರೂಪದ ಜಿಮ್ಯಾಟ್ ಬಂದಿತು, 2024ರ ಜನವರಿ ಕೊನೆಗೆ ಹಳೆಯದು ನಿಂತಿತು. ಈಗ ಇರುವುದು ಮೂರೇ ವಿಭಾಗ: ಗಣಿತ, ಭಾಷೆ, ದತ್ತಾಂಶ ವಿಶ್ಲೇಷಣೆ. ಒಂದೊಂದಕ್ಕೆ 45 ನಿಮಿಷ. ಒಂದು ಸಾಲನ್ನೂ ಬರೆಯಬೇಕಾಗಿಲ್ಲ. ಆ ಕೇಂದ್ರದವರ ಕೈಯಲ್ಲಿ ಹಳೆಯ ಟಿಪ್ಪಣಿಗಳು ಉಳಿದುಕೊಂಡಿರಬಹುದು. ಆದರೆ ಹದಿನೆಂಟು ಸಾವಿರ ಕೇಳುವವರು ಪರೀಕ್ಷೆಯ ಇಂದಿನ ನಿಯಮವನ್ನು ಒಮ್ಮೆಯಾದರೂ ತೆರೆದು ನೋಡಬೇಕಿತ್ತು. ಮುಂಗಡ ಕೊಟ್ಟಿದ್ದರೆ ವಾಪಸು ಕೇಳಿ, ಸಂಕೋಚ ಪಡಬೇಡಿ.

ಆದರೆ ಮಗಳಿಗೆ ಇನ್ನೊಂದು ದಾರಿ ಇದೆ. ಬಹಳಷ್ಟು ಬಿಸಿನೆಸ್ ಸ್ಕೂಲ್‌ಗಳು ಜಿಮ್ಯಾಟ್ ಬದಲು ಜಿಆರ್‌ಇ ಎಂಬ ಇನ್ನೊಂದು ಪ್ರವೇಶ ಪರೀಕ್ಷೆಯ ಅಂಕವನ್ನೂ ಒಪ್ಪುತ್ತವೆ. ಹೈದರಾಬಾದಿನ ಐಎಸ್‌ಬಿ ಕೂಡ ಒಪ್ಪುತ್ತದೆ. ಜಿಆರ್‌ಇಯಲ್ಲಿ ಪ್ರಬಂಧ ಉಳಿದಿದೆ. 2023ರ ಸೆಪ್ಟೆಂಬರ್‌ನಲ್ಲಿ ಆ ಪರೀಕ್ಷೆಯನ್ನು 1 ಗಂಟೆ 58 ನಿಮಿಷಕ್ಕೆ ಇಳಿಸಿದಾಗ ಎರಡು ಪ್ರಬಂಧಗಳ ಜಾಗದಲ್ಲಿ ಒಂದನ್ನು ಉಳಿಸಿಕೊಂಡರು. ಒಂದು ಹೇಳಿಕೆ ಕೊಡುತ್ತಾರೆ. ಅದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ, ಏಕೆ ಎಂದು ಮೂವತ್ತು ನಿಮಿಷದಲ್ಲಿ ಬರೆಯಬೇಕು. ಪರೀಕ್ಷೆ ಶುರುವಾಗುವುದೇ ಅದರಿಂದ. ಅಂಕ ಸೊನ್ನೆಯಿಂದ ಆರರವರೆಗೆ, ಅರ್ಧರ್ಧವಾಗಿ ಏರುತ್ತದೆ. ಒಬ್ಬ ಮೌಲ್ಯಮಾಪಕರೂ ಒಂದು ಕಂಪ್ಯೂಟರ್ ವ್ಯವಸ್ಥೆಯೂ ಓದಿ ಅಂಕ ಕೊಡುತ್ತವೆ. ನಿಮ್ಮ ಮಗಳು ಜಿಆರ್‌ಇ ಆರಿಸಿಕೊಂಡರೆ ಮಾತ್ರ ಪ್ರಬಂಧದ ಪಾಠದ ಮಾತು. ಆಗಲೂ ಆ ಹನ್ನೆರಡು ಸಿದ್ಧ ಪ್ರಬಂಧಗಳನ್ನು ಮುಟ್ಟಬಾರದು. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಒಂದು ಪ್ರಬಂಧ ಇನ್ನೊಂದನ್ನು ಹೋಲುತ್ತದೆಯೇ ಎಂದು ಪರಿಶೀಲಿಸುತ್ತದೆ. ಬೇರೆಯವರ ಬರಹವೆಂದು ಕಂಡುಬಂದರೆ ಅಂಕವನ್ನೇ ರದ್ದು ಮಾಡಬಹುದು. ಒಂದೇ ಕೇಂದ್ರದ ಒಂದೇ ಹಾಳೆಯನ್ನು ಮೂವತ್ತು ಮಕ್ಕಳು ಬಾಯಿಪಾಠ ಮಾಡಿ ಹೋದರೆ ಏನಾದೀತು, ಯೋಚಿಸಿ.

ಈ ವಿಷಯದಲ್ಲಿ ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ, ವಿದ್ಯಾನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಈ ಪ್ರಬಂಧದ ಪಾಠ ಶುರು ಮಾಡಿದೆ. ಮೊದಲ ವರ್ಷ ನಾನೂ ಅಚ್ಚು ಕೊಡುತ್ತಿದ್ದೆ: ಮೊದಲ ಪ್ಯಾರಾ ಹೀಗಿರಲಿ, ಎರಡನೆಯದು ಈ ಪದದಿಂದ ಶುರುವಾಗಲಿ, ಕೊನೆಗೆ ಈ ವಾಕ್ಯ ಬರಲಿ ಎಂದು. ಚೆನ್ನಾಗಿ ಯೋಚಿಸಬಲ್ಲ ಹುಡುಗನೊಬ್ಬ ಆ ಅಚ್ಚಿನಲ್ಲೇ ಬರೆದು ಮೂರು ಅಂಕ ತಂದ. ಅವನ ಅಭ್ಯಾಸದ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಎಲ್ಲ ಹಾಳೆಗಳೂ ನಾನು ಬರೆಸಿದ ವಾಕ್ಯಗಳೇ. ಅವನದೆನ್ನುವ ಒಂದು ಮಾತೂ ಇರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಅಚ್ಚು ಕೊಡುವುದನ್ನು ನಿಲ್ಲಿಸಿದೆ.

ಈಗ ಹೇಗೆ ಕಲಿಸುತ್ತೇನೆ ಎನ್ನುವುದನ್ನು ಒಂದು ಹಾಳೆಯ ಮೂಲಕವೇ ಹೇಳುತ್ತೇನೆ. ‘ದೊಡ್ಡ ನಗರಗಳು ಬೆಳೆದರೆ ದೇಶವೇ ಬೆಳೆಯುತ್ತದೆ’ ಎಂಬ ಹೇಳಿಕೆಯನ್ನು ನಾನೇ ಮಾಡಿ ಒಬ್ಬ ಹುಡುಗಿಗೆ ಕೊಟ್ಟೆ. ಅವಳು ಬರೆದ ಮೊದಲ ವಾಕ್ಯ: ‘ಇಂದಿನ ಆಧುನಿಕ ಜಗತ್ತಿನಲ್ಲಿ ನಗರಗಳು ಬಹಳ ಮುಖ್ಯ ಪಾತ್ರ ವಹಿಸುತ್ತವೆ.’ ಅದರ ಮೇಲೆ ಕೆಂಪು ಗೆರೆ ಎಳೆದು, ‘ನಿಮ್ಮ ಮನೆಯಲ್ಲಿ ನಗರವನ್ನು ನಂಬಿ ಬಂದವರು ಯಾರು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ತಾತ’ ಎಂದಳು. ಜಗಳೂರು ಕಡೆಯ ಹಳ್ಳಿಯಿಂದ ಬಂದು ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಮಿಲ್ಲು ಮುಚ್ಚಿದ ಮೇಲೆ ತಳ್ಳುಗಾಡಿಯಲ್ಲಿ ತರಕಾರಿ ಮಾರಿದರು. ಊರು ಮಾತ್ರ ನಿಲ್ಲಲಿಲ್ಲ. ಕಾಲೇಜುಗಳು ಬಂದವು, ಆಸ್ಪತ್ರೆಗಳು ಬಂದವು, 1997ರಲ್ಲಿ ಜಿಲ್ಲಾ ಕೇಂದ್ರವೂ ಆಯಿತು. ‘ಹಾಗಾದರೆ ಊರು ಬೆಳೆದದ್ದಕ್ಕೂ ತಾತ ಬೆಳೆದದ್ದಕ್ಕೂ ಲೆಕ್ಕ ಬೇರೆ ಬೇರೆ ಅಲ್ಲವೇ ಮೇಡಂ?’ ಎಂದು ಅವಳೇ ಕೇಳಿದಳು. ಅದನ್ನೇ ಬರೆ ಎಂದೆ. ಮತ್ತೆ ಬರೆದಾಗ ತಾತನ ಕತೆಯಲ್ಲೇ ನಿಲ್ಲಲಿಲ್ಲ. ಅದೇ ಊರಿನ ಕಾಲೇಜಿನಲ್ಲಿ ತಾನು ಓದುತ್ತಿರುವುದು ತನ್ನ ಮಾತಿಗೇ ಎದುರಾಗುವ ಸಾಕ್ಷಿ ಎಂಬುದನ್ನೂ ಸೇರಿಸಿದಳು. ಇಂಗ್ಲಿಷಿನಲ್ಲಿ ಎರಡು ಕಡೆ ವ್ಯಾಕರಣ ತಪ್ಪಿತ್ತು, ತಿದ್ದಿದೆ. ಆದರೆ ಆ ಹಾಳೆಯನ್ನು ಮೌಲ್ಯಮಾಪಕರು ಕೊನೆಯವರೆಗೂ ಓದುತ್ತಾರೆ.

ನಿಮ್ಮ ಮಗಳ ಹೆದರಿಕೆಗೆ ಇದೇ ಮದ್ದು. ಹತ್ತು ನಿಮಿಷ ಕನ್ನಡದಲ್ಲಿ ಯೋಚಿಸಿ ಟಿಪ್ಪಣಿ ಮಾಡಲಿ: ನಾನು ಹೇಳುವುದೇನು, ಆಧಾರವೇನು, ನನಗೆ ಎದುರಾಡುವವರು ಏನೆಂದಾರು. ಆಮೇಲೆ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯಲಿ. ಒಂದೆರಡು ತಿಂಗಳಲ್ಲಿ ಆ ಹತ್ತು ನಿಮಿಷ ನಾಲ್ಕಕ್ಕೆ ಇಳಿಯುತ್ತದೆ. ಕೀಲಿಮಣೆಯ ಮೇಲೆಯೇ ಅಭ್ಯಾಸ ಮಾಡಲಿ. ಪರೀಕ್ಷೆಯ ಪರದೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯ ಇರುವುದಿಲ್ಲ. ಜಿಆರ್‌ಇಯಲ್ಲಿ ಬರಬಹುದಾದ ಹೇಳಿಕೆಗಳ ಪೂರ್ತಿ ಪಟ್ಟಿಯನ್ನು ಇಟಿಎಸ್ ತಾನೇ ಪ್ರಕಟಿಸಿದೆ, ಉಚಿತವಾಗಿ. ಅದಕ್ಕೂ ಹಣ ಕೇಳುವವರಿದ್ದಾರೆ, ಎಚ್ಚರ.

ಜಿಮ್ಯಾಟ್ ಬರೆದರೂ ಈ ಅಭ್ಯಾಸ ವ್ಯರ್ಥವಾಗುವುದಿಲ್ಲ. ಅದರ ಭಾಷಾ ವಿಭಾಗದಲ್ಲಿ ವಾದದ ಹುಳುಕು ಹುಡುಕುವ ಪ್ರಶ್ನೆಗಳು ಈಗಲೂ ಬರುತ್ತವೆ. ಇಂದು ರಾತ್ರಿಯೇ ಮಗಳನ್ನು ಕೂರಿಸಿಕೊಂಡು ಇದನ್ನು ಹೇಳಿ: ‘ಒಂದು ಭಟ್ಟಿಯವರು ಬಣ್ಣದ ಪ್ಯಾಕೆಟ್‌ನಲ್ಲಿ ಮಂಡಕ್ಕಿ ಮಾರಲು ಶುರು ಮಾಡಿದರು. ಮೂರು ತಿಂಗಳಲ್ಲಿ ವ್ಯಾಪಾರ ಹೆಚ್ಚಾಯಿತು. ಆದ್ದರಿಂದ ಎಲ್ಲ ಭಟ್ಟಿಯವರೂ ಪ್ಯಾಕೆಟ್ ಮಾಡಿದರೆ ಎಲ್ಲರ ವ್ಯಾಪಾರವೂ ಹೆಚ್ಚುತ್ತದೆ.’ ಇದರಲ್ಲಿ ತಪ್ಪೇನು ಎಂದು ಕೇಳಿ. ಆ ಮೂರು ತಿಂಗಳು ಜಾತ್ರೆಯ ಕಾಲವಾಗಿತ್ತೇ? ಪಕ್ಕದ ಭಟ್ಟಿ ಮುಚ್ಚಿತ್ತೇ? ದರ ಇಳಿಸಿದ್ದರೇ? ಎಲ್ಲರೂ ಪ್ಯಾಕೆಟ್ ಮಾಡಿದರೆ ಕೊಳ್ಳುವವರು ಹೆಚ್ಚುತ್ತಾರೆಯೇ, ಇದ್ದ ಗಿರಾಕಿಗಳೇ ಹಂಚಿಹೋಗುತ್ತಾರೆಯೇ? ಈ ಪ್ರಶ್ನೆಗಳನ್ನು ನೀವು ಅವಳಿಗಿಂತ ಬೇಗ ಕೇಳುತ್ತೀರಿ ಎಂದು ನನಗೆ ನಂಬಿಕೆಯಿದೆ. ಏಳನೆಯ ತರಗತಿ ಎಂದು ಹಿಂಜರಿಯಬೇಡಿ. ಈ ಪಾಠಕ್ಕೆ ನೀವೇ ಒಳ್ಳೆಯ ಮೇಷ್ಟರು.

ಹಾಗಾದರೆ ಟ್ಯೂಷನ್ ಬೇಡವೇ ಎಂದರೆ, ಒಂದು ಕೆಲಸಕ್ಕೆ ಬೇಕು. ಬರೆದದ್ದನ್ನು ಸಾಲು ಸಾಲಾಗಿ ಓದಿ, ಮುಲಾಜಿಲ್ಲದೆ ತಿದ್ದಿ, ಮತ್ತೆ ಬರೆಸುವ ಒಬ್ಬರು ಬೇಕು. ಸೇರಿಸುವ ಮುನ್ನ ಅಲ್ಲಿನ ವಿದ್ಯಾರ್ಥಿಯೊಬ್ಬನ ತಿದ್ದಿದ ಹಾಳೆ ತೋರಿಸಿ ಎಂದು ಕೇಳಿ. ಹಾಳೆಯ ಅಂಚಿನಲ್ಲಿ ‘ಗುಡ್’ ಎಂದಷ್ಟೇ ಇದ್ದರೆ ಎದ್ದು ಬನ್ನಿ.

ಪ್ರಶ್ನೆ: ಎಂಬಿಎ ಪ್ರವೇಶಕ್ಕೆ ಕ್ಯಾಟ್ ಪರೀಕ್ಷೆ ಬರೆದಿದ್ದೇನೆ, ಒಂದು ಐಐಎಂನಿಂದ ಸಂದರ್ಶನದ ಕರೆ ಬಂದಿದೆ. ಅಲ್ಲಿ ಬರವಣಿಗೆಯ ಪರೀಕ್ಷೆಯೂ ಇದೆಯಂತೆ. ಕ್ಯಾಟ್‌ನಲ್ಲಿ ಪ್ರಬಂಧವೇ ಇರಲಿಲ್ಲವಲ್ಲ! ಇರುವುದು ಮೂರು ವಾರ. ಏನು ಮಾಡಲಿ?
– ಓದುಗಿಯೊಬ್ಬಳು, ಚಿತ್ರದುರ್ಗ

ಉತ್ತರ: ಅಭಿನಂದನೆ ಮಗಳೇ. ಕ್ಯಾಟ್‌ನಲ್ಲಿ ಪ್ರಬಂಧ ಇಲ್ಲದ್ದರಿಂದಲೇ ಹಲವು ಐಐಎಂಗಳು ಸಂದರ್ಶನದ ಜೊತೆಗೆ ಬರೆಸಿ ನೋಡುತ್ತವೆ; ಬೆಂಗಳೂರಿನ ಐಐಎಂ ಕೂಡ ಹಾಗೆಯೇ. ವಿಷಯ ಸಾಮಾನ್ಯವಾಗಿ ದೇಶದ ಆಗುಹೋಗುಗಳ ಸುತ್ತ ಇರುತ್ತದೆ, ಸಮಯ ಕಡಿಮೆ. ಮೂರು ವಾರ ದಿನಕ್ಕೊಂದು ಪತ್ರಿಕೆಯ ಸಂಪಾದಕೀಯ ಓದಿ, ಅದರ ವಾದವನ್ನು ಎರಡು ಸಾಲಿನಲ್ಲಿ ಬರೆ, ಅದಕ್ಕೆ ಒಂದು ಗಟ್ಟಿ ಆಕ್ಷೇಪವನ್ನು ಐದು ಸಾಲಿನಲ್ಲಿ ಬರೆ. ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ನೀರಿನ ಬಗ್ಗೆ ಕೇಳಿದರೆ ನಿಮ್ಮ ಕೋಟೆಯ ಹೊಂಡಗಳನ್ನು ನೆನೆ: ಅಕ್ಕ–ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಡುವ ಆ ಏರ್ಪಾಡನ್ನು ನೀನು ಚಿಕ್ಕಂದಿನಿಂದ ಕಣ್ಣಾರೆ ಕಂಡವಳು. ಬರೆದದ್ದನ್ನು ಸಂದರ್ಶನದಲ್ಲಿ ಕೆದಕಿ ಕೇಳಿದರೂ ಕಂಡದ್ದನ್ನು ಹೇಳುವುದು ಸುಲಭ.

ಪ್ರಶ್ನೆ: ನಾನು ಹೊಳಲ್ಕೆರೆ ಕಡೆ ಬ್ಯಾಂಕ್ ಉದ್ಯೋಗಿ. ಎಂಬಿಎ ಅರ್ಜಿಯ ಜೊತೆ ನನ್ನ ಬಗ್ಗೆ ಎರಡು ಪ್ರಬಂಧ ಕೇಳಿದ್ದಾರೆ. ಬೇರೆಯವರಿಂದ ಬರೆಸಿದರೆ ತಪ್ಪೇ? ನನ್ನ ಬದುಕಿನಲ್ಲಿ ಬರೆಯುವಂಥದ್ದೇನೂ ನಡೆದಿಲ್ಲ. ಅಡಿಕೆ ಬೆಳೆಗಾರರ ಸಾಲದ ಅರ್ಜಿ ನೋಡುವುದೇ ನನ್ನ ದಿನದ ಕೆಲಸ.
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ತಪ್ಪು. ಇದು ಪರೀಕ್ಷೆಯ ಪ್ರಬಂಧದಂತಲ್ಲ. ನೀವು ಯಾರೆಂದು ತಿಳಿಯಲು ಕೇಳಿದ್ದಾರೆ. ಮನುಷ್ಯರಿಂದಲೂ ಬರೆಸಬೇಡಿ, ಯಂತ್ರದಿಂದಲೂ ಬರೆಸಬೇಡಿ. ಕಾಗುಣಿತವನ್ನು ಯಾರಾದರೂ ನೋಡಿಕೊಡಲಿ, ಅಡ್ಡಿಯಿಲ್ಲ.

ಬರೆಯುವಂಥದ್ದೇನೂ ನಡೆದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷ ಒಣಗುತ್ತಿರುವ ತೋಟದವರು ಇನ್ನೊಂದು ಕೊಳವೆಬಾವಿಗೆ ಸಾಲ ಕೇಳಿಕೊಂಡು ನಿಮ್ಮ ಮುಂದೆ ಕೂತಿರುತ್ತಾರೆ. ನೀರು ಸಿಕ್ಕರೆ ತೋಟ ಉಳಿಯುತ್ತದೆ, ಸಿಗದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ಕೊಡಿ ಎಂದು ಬರೆಯಬೇಕೋ ಬೇಡವೆಂದು ಬರೆಯಬೇಕೋ ಎಂದು ನೀವು ತಡವರಿಸಿದ ದಿನ ಒಂದಾದರೂ ಇರಲೇಬೇಕು. ಆ ರೈತರ ಹೆಸರು ಬೇಡ, ಗುರುತೂ ಬೇಡ. ಅಂದು ಮೇಜಿನ ಮೇಲಿದ್ದ ಕಾಗದ ಯಾವುದು, ನೀವು ಏನು ಕೇಳಿದಿರಿ, ಏನು ತೀರ್ಮಾನಿಸಿದಿರಿ, ಇಂದು ಅದೇ ಅರ್ಜಿ ಬಂದರೆ ಏನು ಮಾಡುತ್ತೀರಿ, ಇಷ್ಟನ್ನು ಬರೆಯಿರಿ. ಮೊದಲ ಕರಡು ಕನ್ನಡದಲ್ಲೇ ಇರಲಿ. ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಓದಿ, ಗುರುತು ಹಾಕಿ ವಾಪಸು ಕಳುಹಿಸುತ್ತೇನೆ.